ದಿದೆರೋ: ವಿಶ್ವಕೋಶ ಕಟ್ಟಿದವನ ಕಥೆ

ಚಾಟ್‌ಜಿಪಿಟಿ ನಿಜವಾಗಲೂ ಯೋಚನೆ ಮಾಡುತ್ತಾ, ಇಲ್ಲಾ ಬರೀ ಗಿಣಿಪಾಠ ಒಪ್ಪಿಸುತ್ತಾ? ಈ ಜಗಳ ಈಗ ಹಾಸ್ಟೆಲ್ ಮೆಸ್ಸಿನಲ್ಲೂ ನಡೆಯುತ್ತೆ, ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲೂ ನಡೆಯುತ್ತೆ. ಆದರೆ ಗಿಣಿ ಈ ಜಗಳದೊಳಗೆ ಬಂದಿದ್ದು ನಿನ್ನೆ ಮೊನ್ನೆ ಅಲ್ಲ. 1746ರಲ್ಲಿ ಪ್ಯಾರಿಸ್ಸಿನಲ್ಲಿ ಲೇಖಕನ ಹೆಸರಿಲ್ಲದ ಒಂದು ಪುಟ್ಟ ಪುಸ್ತಕ ಬಂತು. ಅದರಲ್ಲಿ ಒಂದು ಕಡೆ ಲೇಖಕ ಹೇಳುವುದು ಇಷ್ಟು: ಏನು ಕೇಳಿದರೂ ತಕ್ಕ ಉತ್ತರ ಕೊಡುವ ಗಿಣಿಯೊಂದು ಸಿಕ್ಕಿದರೆ, ಅದು ಯೋಚಿಸುವ ಜೀವಿ ಅಂತ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಳ್ಳುತ್ತೇನೆ. ಟ್ಯೂರಿಂಗ್ ತನ್ನ ಪ್ರಸಿದ್ಧ ಲೇಖನ ಬರೆದಿದ್ದು 1950ರಲ್ಲಿ, ಅಂದರೆ ಇದಾದ 204 ವರ್ಷಗಳ ಮೇಲೆ. ಪುಸ್ತಕದ ಗತಿ ಏನಾಯಿತು ಅಂತೀರಾ? ಪ್ಯಾರಿಸ್ಸಿನ ನ್ಯಾಯಸಭೆ ಅದನ್ನು ಸುಟ್ಟುಹಾಕಲು ಆಜ್ಞೆ ಮಾಡಿತು.

ಬರೆದವನು ದೆನಿ ದಿದೆರೋ. ವಿಶ್ವಕೋಶದ ದಿದೆರೋ ಅಂದರೆ ಬೇಗ ಗುರುತು ಸಿಗುತ್ತೆ. 28 ಸಂಪುಟ, ಸುಮಾರು 72 ಸಾವಿರ ಲೇಖನ, 25 ವರ್ಷದ ದುಡಿಮೆ. ಜ್ಞಾನವನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಏನೇನು ಪೇಚಾಟ ಬರುತ್ತೆ ಅಂತ ನಾವು ಇವತ್ತು ಮಾತಾಡುತ್ತಿದ್ದೇವಲ್ಲ (ಯಾರದ್ದನ್ನು ಕದ್ದಿದ್ದು, ಯಾರಿಗೆ ದುಡ್ಡು, ಯಾವುದನ್ನು ನಂಬೋದು), ಆ ಎಲ್ಲಾ ಪೇಚಾಟವನ್ನೂ ಈ ಮನುಷ್ಯ ಕೈಯಲ್ಲಿ ಕಾಗದ ಮಸಿ ಹಿಡಿದುಕೊಂಡೇ ಅನುಭವಿಸಿದ್ದ.

ಹುಟ್ಟಿದ್ದು 1713ರ ಅಕ್ಟೋಬರ್ 5ರಂದು, ಫ್ರಾನ್ಸಿನ ಲಾಂಗ್ರ್ ಅನ್ನೋ ಊರಲ್ಲಿ. ಅಪ್ಪ ಚೂರಿ ಚಾಕು ಮಾಡುವ ಕಸುಬುದಾರ. ಶಸ್ತ್ರಚಿಕಿತ್ಸೆಗೆ ಬೇಕಾಗುವ ಸಲಕರಣೆಗಳಿಗೆ ಅವನ ಅಂಗಡಿ ಹೆಸರುವಾಸಿ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ. ಹುಡುಗ ಜೆಸ್ಯೂಟರ ಶಾಲೆಯಲ್ಲಿ ಓದಿದ. ಪಾದ್ರಿ ಆಗಲಿ ಅಂತ ಮನೆಯವರ ಆಸೆ. 12–13ನೇ ವಯಸ್ಸಿಗೇ ಅದಕ್ಕೆ ಬೇಕಾದ ಮುಂಡನವೂ ಆಯಿತು. ಪ್ಯಾರಿಸ್ಸಿಗೆ ಹೋಗಿ 1732ರಲ್ಲಿ ಪದವಿ ಪಡೆದ. ಆಮೇಲೆ ಪಾದ್ರಿಯೂ ಆಗಲಿಲ್ಲ, ವಕೀಲನ ಕಚೇರಿಯಲ್ಲಿ ಕೂತರೂ ವಕೀಲನಾಗಲಿಲ್ಲ. ಅಪ್ಪ ದುಡ್ಡು ಕಳಿಸೋದು ನಿಲ್ಲಿಸಿದ.

ಮುಂದಿನ ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳೋದು, ಅವರಿವರಿಗೆ ಬರೆದುಕೊಡೋದು, ಇಂಗ್ಲಿಷಿನಿಂದ ಅನುವಾದ ಮಾಡೋದು. ದುಡ್ಡು ಕೊಟ್ಟರೆ ಧರ್ಮೋಪದೇಶವನ್ನೂ ಬರೆದುಕೊಟ್ಟ ಅಂತ ಅವನ ಮಗಳು ನೆನಪಿಸಿಕೊಂಡಿದ್ದಾಳೆ. 1743ರಲ್ಲಿ ಆಂತ್ವಾನೆತ್ ಶಾಂಪಿಯೋಂ ಅನ್ನೋ ಬಟ್ಟೆ ಮಾರುವ ಬಡ ಹುಡುಗಿಯನ್ನು ಗುಟ್ಟಾಗಿ ಮದುವೆಯಾದ. ಅದಕ್ಕೆ ಮೊದಲು ಅಪ್ಪನ ಒಪ್ಪಿಗೆ ಕೇಳಲು ಊರಿಗೆ ಹೋದಾಗ, ಅಪ್ಪ ಇವನನ್ನು ಹಿಡಿಸಿ ಮಠವೊಂದರಲ್ಲಿ ಕೂಡಿಹಾಕಿಸಿದ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದು ತಾಳಿ ಕಟ್ಟಿದ ಅನ್ನಬೇಕು, ನಮ್ಮ ಲೆಕ್ಕದಲ್ಲಿ.

ಅನುವಾದದ ಕೆಲಸವೇ ಅವನನ್ನು ವಿಶ್ವಕೋಶಕ್ಕೆ ತಂದು ಹಾಕಿತು. 1728ರಲ್ಲಿ ಲಂಡನ್ನಿನಲ್ಲಿ ಎಫ್ರಾಯಿಮ್ ಚೇಂಬರ್ಸ್ ಅನ್ನುವವನು ಎರಡು ಸಂಪುಟಗಳ ವಿಶ್ವಕೋಶ ತಂದಿದ್ದ. ಅದನ್ನು ಫ್ರೆಂಚಿಗೆ ತರಬೇಕು ಅಂತ ಇಂಗ್ಲೆಂಡಿನ ಜಾನ್ ಮಿಲ್ಸ್ ಮತ್ತು ಸೆಲಿಯುಸ್ ಎಂಬ ಇಬ್ಬರು ಪ್ಯಾರಿಸ್ಸಿನ ಮುದ್ರಕ ಲ ಬ್ರೆತೋಂ ಹತ್ತಿರ ಬಂದರು. ಆಗ ಫ್ರಾನ್ಸಿನಲ್ಲಿ ಪುಸ್ತಕ ಅಚ್ಚು ಹಾಕಬೇಕಾದರೆ ರಾಜನ ಪರವಾನಗಿ ಬೇಕು. ಪರವಾನಗಿ ಯಾರ ಹೆಸರಲ್ಲಿದೆಯೋ ಅವನೇ ಪುಸ್ತಕದ ಯಜಮಾನ. ಲ ಬ್ರೆತೋಂ ಮೆಲ್ಲಗೆ ಅದನ್ನು ತನ್ನ ಹೆಸರಿಗೇ ಮಾಡಿಸಿಕೊಂಡ. ಮಿಲ್ಸ್ ಕೇಳಲು ಹೋದರೆ ಕೈ ಕೈ ಮಿಲಾಯಿಸಿ, ಲ ಬ್ರೆತೋಂ ಬೆತ್ತದಲ್ಲಿ ಬಾರಿಸಿದ. ವಿಷಯ ಕೋರ್ಟಿಗೆ ಹೋಯಿತು. ಪರವಾನಗಿ ರದ್ದಾಗಿ, 1746ರಲ್ಲಿ ಲ ಬ್ರೆತೋಂಗೂ ಅವನ ಮೂವರು ಪಾಲುದಾರರಿಗೂ ಹೊಸದು ಸಿಕ್ಕಿತು. ಅಂದರೆ ಈ ಪುಸ್ತಕ ಹುಟ್ಟುವ ಮೊದಲೇ ಅದರ ಹಕ್ಕಿನ ಮೇಲೆ ಏಟು ಬಿದ್ದಿತ್ತು.

1747ರ ಅಕ್ಟೋಬರ್‌ನಲ್ಲಿ ದಿದೆರೋ ಮತ್ತು ಗಣಿತಜ್ಞ ದಾಲಂಬೆರ್ ಇಬ್ಬರೂ ಸಂಪಾದಕರಾದರು. ದಾಲಂಬೆರ್ ಯಾರು ಅಂತ ಮೆಕ್ಯಾನಿಕ್ಸ್ ಓದಿದವರಿಗೆ ಹೇಳಬೇಕಾಗಿಲ್ಲ, ಅದೇ ದಾಲಂಬೆರ್. ಚೇಂಬರ್ಸ್‌ನ ಎರಡು ಸಂಪುಟ ಅನುವಾದ ಮಾಡಿದರೆ ಸಾಲದು ಅಂತ ಇವರಿಬ್ಬರಿಗೂ ಬೇಗ ಅನ್ನಿಸಿತು. ಕೆಲಸ ಬೆಳೆಯಿತು, ಬೆಳೆಯುತ್ತಲೇ ಹೋಯಿತು.

ನಡುವೆ ಒಂದು ಜೈಲುವಾಸ. ಕುರುಡರ ಬಗ್ಗೆ ಬರೆದ ಒಂದು ಪುಸ್ತಕದಲ್ಲಿ ದೇವರ ಬಗ್ಗೆ ಎಡವಟ್ಟು ಪ್ರಶ್ನೆ ಕೇಳಿದ ಅಂತ 1749ರ ಜುಲೈ 24ರಂದು ಹಿಡಿದು ವಾಂಸೆನ್ ಕೋಟೆಯಲ್ಲಿ ಇಟ್ಟರು. ಪ್ರಕಾಶಕರು ಗಾಬರಿಯಾಗಿ ಅಧಿಕಾರಿಗಳ ಬಾಗಿಲು ತಟ್ಟಿದರು. ಅವರಿಗೆ ದಿದೆರೋ ಮೇಲಿನ ಪ್ರೀತಿಗಿಂತ ಹಾಕಿದ ಬಂಡವಾಳದ ಚಿಂತೆ ಜಾಸ್ತಿ. ನವೆಂಬರ್ 3ರಂದು ಬಿಟ್ಟರು. ಹೊರಬಂದವನು ಒಂದು ಪಾಠ ಕಲಿತಿದ್ದ: ಅಪಾಯದ ಪುಸ್ತಕ ಬರೆಯಬಹುದು, ಅಚ್ಚು ಹಾಕಿಸಬಾರದು. ಈ ಪಾಠದ ಪರಿಣಾಮ ಅವನು ಸತ್ತು ನೂರು ವರ್ಷವಾದರೂ ಮುಗಿದಿರಲಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ.

ಈಗ ನಮ್ಮಂಥವರಿಗೆ ಬೇಕಾದ ಭಾಗ. ವಿಶ್ವಕೋಶದಲ್ಲಿ ದೇವತಾಶಾಸ್ತ್ರ, ತತ್ವಶಾಸ್ತ್ರ, ಗಣಿತ ಇರೋದು ಸಹಜ. ಚಾಕು ಮಾಡುವವನ ಮಗ ಅದಕ್ಕೆ ಕಮ್ಮಾರ, ಗಾಜು ಊದುವವ, ಕಾಗದ ಮಾಡುವವ, ನೇಕಾರ, ಗುಂಡುಸೂಜಿ ಮಾಡುವವ ಎಲ್ಲರನ್ನೂ ಕರೆತಂದ. ಕೈಕೆಲಸ ಅಂದರೆ ಕೀಳು ಅನ್ನುವ ಕಾಲ ಅದು. ಜೊತೆಗೆ ಪ್ರತಿ ಕಸುಬಿನ ಸಂಘವೂ ತನ್ನ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿತ್ತು. ಪುಸ್ತಕದಲ್ಲಿ ಇರದ ಜ್ಞಾನ ಅದು. ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡಿ ಅದನ್ನು ಪಡೆಯೋಕೆ ಆಗಲ್ಲ.

ಹಾಗಾಗಿ ಕಾರ್ಯಾಗಾರಗಳಿಗೇ ಹೋಗಿ ಕೇಳಿ ಬರೆದುಕೊಂಡರು. ಕೆಲಸಗಾರರಲ್ಲಿ ಸಾವಿರಕ್ಕೆ ಹನ್ನೆರಡು ಜನ ತಮ್ಮ ಉಪಕರಣದ ಬಗ್ಗೆ ಸ್ಪಷ್ಟವಾಗಿ ಹೇಳಬಲ್ಲವರು ಸಿಕ್ಕಿದರೆ ಹೆಚ್ಚು ಅಂತ ದಿದೆರೋ 1750ರ ಪ್ರಕಟಣಾಪತ್ರದಲ್ಲಿ ಅಲವತ್ತುಕೊಂಡಿದ್ದಾನೆ. ನಲವತ್ತು ವರ್ಷ ಒಂದೇ ಯಂತ್ರದ ಮುಂದೆ ಕೂತವನಿಗೂ ಅದು ಹೇಗೆ ನಡೆಯುತ್ತೆ ಅಂತ ಗೊತ್ತಿರುತ್ತಿರಲಿಲ್ಲವಂತೆ. (ನಮ್ಮ ಲ್ಯಾಬ್ ವೈವಾದಲ್ಲಿ ನಾಲ್ಕು ತಿಂಗಳು ಓಡಿಸಿದ ಮೆಷಿನ್ ಬಗ್ಗೆ ಕೇಳಿದಾಗ ಆಗೋ ಹಾಗೆ ಅಂತಿಟ್ಟುಕೊಳ್ಳಿ.) ಆದ್ದರಿಂದ ಕೆಲವು ಕಡೆ ಯಂತ್ರವನ್ನೇ ತರಿಸಿ, ತಾವೇ ಕೈ ಹಾಕಿ ಕೆಲಸ ಕಲಿಯಬೇಕಾಯಿತು. ಕೆಟ್ಟದಾಗಿ ಮಾಡಿ ನೋಡಿದರೇನೇ ಇತರರಿಗೆ ಚೆನ್ನಾಗಿ ಮಾಡೋದು ಹೇಗೆ ಅಂತ ಹೇಳೋಕೆ ಬರುತ್ತೆ ಅನ್ನೋದು ಅವನ ಲೆಕ್ಕ.

ಕಾಲುಚೀಲ ಹೆಣೆಯುವ ಯಂತ್ರದ ಲೇಖನ ಅವನದೇ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ ಯಂತ್ರದ ಮಗ–ಮೊಮ್ಮಗ ಅದು. ಆ ಕಾಲದ ಅತ್ಯಂತ ಜಟಿಲ ಯಂತ್ರಗಳಲ್ಲಿ ಒಂದು. ಬಿಡಿಭಾಗಗಳನ್ನು ಒಂದೊಂದಾಗಿ ವಿವರಿಸಿ, ಜೋಡಿಸಿ, ಓಡಿಸಿ ತೋರಿಸಲು ಅವನು ಪಟ್ಟ ಪಾಡು ಓದಿದರೆ ಗೊತ್ತಾಗುತ್ತೆ. ಆ ಲೇಖನದ ಶುರುವಿನಲ್ಲೇ ಒಂದು ಅದ್ಭುತವಾದ ಮಾತು ಬರುತ್ತೆ: ಇಡೀ ಯಂತ್ರವನ್ನು ಒಂದೇ ಒಂದು ತರ್ಕಸರಣಿ ಅಂತ ನೋಡಬಹುದು, ಹೊರಬರುವ ಬಟ್ಟೆ ಆ ತರ್ಕದ ತೀರ್ಮಾನ. ಯಂತ್ರ ತರ್ಕ ಮಾಡುತ್ತೆ ಅನ್ನೋ ಕಲ್ಪನೆಗೆ ಇಷ್ಟು ಹತ್ತಿರ ಬಂದಿದ್ದು ಒಬ್ಬ ಕಾಲುಚೀಲದ ಲೇಖನ ಬರೆಯುವಾತ! ನನ್ನ ಮಟ್ಟಿಗೆ ಇಡೀ ವಿಶ್ವಕೋಶದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿ ಓದಲೇಬೇಕಾದ ಲೇಖನ ಇದ್ದರೆ ಇದೇ.

ಆದರೆ ಎಲ್ಲಾ ಲೇಖನವೂ ಹೀಗೆ ಕಾರ್ಯಾಗಾರಕ್ಕೆ ಹೋಗಿ ಬರೆದದ್ದಲ್ಲ. ಇಲ್ಲಿಂದ ಮುಂದೆ ವಿಷಯ ಸ್ವಲ್ಪ ಮುಜುಗರದ್ದು. 72 ಸಾವಿರ ಲೇಖನ ಎಲ್ಲಿಂದ ಬರಬೇಕು? ಬಹಳಷ್ಟು ಹಳೆಯ ನಿಘಂಟುಗಳಿಂದ, ಇತಿಹಾಸಗಳಿಂದ ಎತ್ತಿದ್ದು. ಕೆಲವು ಕಡೆ ಆಕರದ ಹೆಸರಿದೆ, ಎಷ್ಟೋ ಕಡೆ ಇಲ್ಲ. ಲೂಯಿ ದ ಜೋಕೂರ್ ಎಂಬ ಒಬ್ಬನೇ ಸುಮಾರು 17 ಸಾವಿರ ಲೇಖನ ಬರೆದ, ಅಂದರೆ ಇಡೀ ಕೋಶದ ಕಾಲು ಭಾಗ. ಪಾಪ, ಒಳ್ಳೆಯ ಮನುಷ್ಯ. ತಾನು ವರ್ಷಗಟ್ಟಲೆ ಕೂತು ಬರೆದ ವೈದ್ಯಕೀಯ ನಿಘಂಟಿನ ಹಸ್ತಪ್ರತಿ ಹಡಗಿನ ಜೊತೆ ಸಮುದ್ರದಲ್ಲಿ ಮುಳುಗಿಹೋದ ಮೇಲೆ ಇಲ್ಲಿಗೆ ಬಂದವನು. ಹಣ ಕೇಳಲಿಲ್ಲ; ಬರಹಗಾರರಿಗೆ ಸಂಬಳ ಕೊಡಲು ತನ್ನ ಮನೆಯನ್ನೇ ಮಾರಿದ, ಆ ಮನೆ ಕೊಂಡವನು ಮುದ್ರಕ ಲ ಬ್ರೆತೋಂ! ಆದರೂ ಇಷ್ಟೊಂದು ಲೇಖನ ಬರೆಯುವವನು ಎಲ್ಲವನ್ನೂ ಸ್ವಂತವಾಗಿ ಬರೆಯೋಕೆ ಸಾಧ್ಯವೇ? ಓದಿದ್ದನ್ನು ಕತ್ತರಿಸಿ, ಹೊಲಿದು, ಕೆಳಗೆ ತನ್ನ ಗುರುತು ಹಾಕುತ್ತಿದ್ದ.

ಇದು ಬರೀ ಅನುಮಾನವಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಆರ್ಟ್‌ಫಲ್ ಯೋಜನೆಯವರು ವಿಶ್ವಕೋಶವನ್ನೆಲ್ಲ ಗಣಕಕ್ಕೆ ಏರಿಸಿದ್ದಾರೆ. ಅದರ ಪಠ್ಯವನ್ನು ಆ ಕಾಲದ ಬೇರೆ ನಿಘಂಟುಗಳ ಜೊತೆ ಯಂತ್ರದಿಂದ ಸಾಲುಸಾಲಾಗಿ ಹೋಲಿಸಿ ನೋಡಿದಾಗ, ಹೆಸರು ಹೇಳದೆ ಎತ್ತಿದ ಭಾಗಗಳು ಸಾಕಷ್ಟು ಸಿಕ್ಕವು. ನಮ್ಮ ಪ್ರಾಜೆಕ್ಟ್ ರಿಪೋರ್ಟಿನ ಮೇಲೆ ಓಡಿಸುವ ನಕಲು ಪತ್ತೆ ತಂತ್ರಾಂಶವನ್ನು ದಿದೆರೋ ಮೇಲೆ ಓಡಿಸಿದ ಹಾಗೆ. ಪಾಸಾಗುತ್ತಿರಲಿಲ್ಲ ಬಿಡಿ.

ಅವರ ಸಮರ್ಥನೆ ಏನಿತ್ತು? ಇದು ಇನ್ನೂ ಸೊಗಸು. ಕಲೆ ವಿಜ್ಞಾನಗಳ ನಿಘಂಟು ಬರೆಯುವವರಿಗೆ ನನ್ನದು–ನಿನ್ನದು ಎಂಬ ಸಾಮಾನ್ಯ ಕಾನೂನಿನಿಂದ ವಿನಾಯಿತಿ ಇರಬೇಕು ಅಂತ ಚೇಂಬರ್ಸ್ ತನ್ನ ಕೋಶದಲ್ಲಿ ಕೃತಿಚೌರ್ಯದ ಬಗ್ಗೆ ಬರೆಯುತ್ತಾ ವಾದಿಸಿದ್ದ. ಫ್ರೆಂಚ್ ವಿಶ್ವಕೋಶದ ಕೃತಿಚೌರ್ಯ ಲೇಖನದಲ್ಲೂ ಅದೇ ವಾದ ಬರುತ್ತೆ. ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕೇ?

ಇದನ್ನು ಓದಿ ಇವರೆಲ್ಲ ಕಳ್ಳರು ಅಂತ ಎದ್ದುಹೋಗಬೇಡಿ. ನಂಬಿಕೆಯ ಪ್ರಶ್ನೆಯನ್ನು ದಿದೆರೋ ತನ್ನ ಕಾಲದ ಉಳಿದವರಿಗಿಂತ ಗಂಭೀರವಾಗಿ ತೆಗೆದುಕೊಂಡಿದ್ದ. ಒಂದು, ಲೇಖನದ ಕೊನೆಗೆ ಲೇಖಕನ ಗುರುತಿನ ಅಕ್ಷರ: ದಾಲಂಬೆರ್‌ಗೆ ಒಂದು, ಸಂಗೀತದ ಬಗ್ಗೆ ಬರೆದ ರೂಸೋಗೆ ಒಂದು, ಜೋಕೂರ್‌ಗೆ ಒಂದು. ಸಂಪಾದಕನಾಗಿ ದಿದೆರೋ ಸೇರಿಸಿದ್ದಕ್ಕೆ ನಕ್ಷತ್ರದ ಗುರುತು. ತಪ್ಪಿದ್ದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಅಂತ ಓದುಗನಿಗೆ ಗೊತ್ತಾಗಬೇಕಲ್ಲ. ಗುರುತಿಲ್ಲದ ಲೇಖನಗಳೂ ಬೇಕಾದಷ್ಟು ಉಳಿದವು, ಅದು ಬೇರೆ ಮಾತು. ಎರಡು, ಒಂದು ಲೇಖನದಿಂದ ಇನ್ನೊಂದಕ್ಕೆ ಕೊಂಡಿ. ಹೈಪರ್‌ಲಿಂಕಿನ ಮುತ್ತಾತ ಅನ್ನಿ. ಇದನ್ನು ತುಂಟತನಕ್ಕೂ ಬಳಸಿದರು. ನರಭಕ್ಷಕರ ಲೇಖನದ ಕೊನೆಗೆ ನೋಡಿ ಅಂತ ಕೊಟ್ಟಿದ್ದು ಚರ್ಚಿನ ಪವಿತ್ರ ಪ್ರಸಾದ ಮತ್ತು ವೇದಿಕೆಯ ಲೇಖನಗಳನ್ನು! ನೇರವಾಗಿ ಬರೆದರೆ ಜೈಲು, ಕೊಂಡಿಯಲ್ಲಿ ಬರೆದರೆ ಸೆನ್ಸಾರಿನವನ ಕಣ್ಣಿಗೆ ಬೀಳೋದು ಕಷ್ಟ.

ಮೂರನೆಯದು ನನಗೆ ಬಹಳ ಇಷ್ಟ. ಮೊದಲ ಸಂಪುಟದಲ್ಲಿ ಅಗ್ವಾಶಿಮ ಎಂಬ ಪುಟ್ಟ ಲೇಖನವಿದೆ, ದಿದೆರೋನದೇ. ಬ್ರೆಜಿಲ್‌ನ ಮತ್ತು ದಕ್ಷಿಣ ಅಮೆರಿಕದ ದ್ವೀಪಗಳ ಒಂದು ಗಿಡ ಅಂತ ಹೇಳಿ, ನಮಗೆ ಹೇಳಿರುವುದು ಇಷ್ಟೇ ಅಂತ ನಿಲ್ಲಿಸಿಬಿಡುತ್ತಾನೆ. ಆಮೇಲೆ ರೇಗುತ್ತಾನೆ: ಇಂಥ ವಿವರಣೆ ಯಾರಿಗೋಸ್ಕರ? ಆ ಊರಿನವರಿಗೆ ಗಿಡದ ಬಗ್ಗೆ ಇದಕ್ಕಿಂತ ಚೆನ್ನಾಗಿ ಗೊತ್ತು. ನಮಗೋ, ಇದನ್ನು ಓದಿಯೂ ಏನೂ ಗೊತ್ತಾಗಲ್ಲ. ಆದರೂ ಸೇರಿಸಿದ್ದೇಕೆಂದರೆ ಕೋಶದಲ್ಲಿ ಪದವೇ ಇಲ್ಲದಿರುವುದಕ್ಕಿಂತ ಕೆಲಸಕ್ಕೆ ಬಾರದ ಲೇಖನವಾದರೂ ಇರಲಿ ಅನ್ನುವ ಓದುಗರಿದ್ದಾರೆ, ಅವರ ಸಂತೋಷಕ್ಕೆ. ಒಂದು ಗಿಡದ ಬಣ್ಣ, ಎತ್ತರ, ಔಷಧಗುಣ ಎಲ್ಲವನ್ನೂ ಕಟ್ಟಿ ನಾಲ್ಕು ಪ್ಯಾರಾ ಬರೆಯೋದು ಅವನಂಥ ಲೇಖನಿಗೆ ಐದು ನಿಮಿಷದ ಕೆಲಸ. ಬರೆಯಲಿಲ್ಲ. ಆಕರ ಖಾಲಿ ಇದ್ದಾಗ ಖಾಲಿ ಅಂತಲೇ ತೋರಿಸಿದ. ನಾವು ಈಗ ಬಳಸುವ ಚಾಟ್‌ಬಾಟ್‌ಗಳಿಗೆ ಎಷ್ಟೋ ಸಲ ಬರದೇ ಇರುವುದು ಇದೊಂದೇ ವಿದ್ಯೆ. ಅಗ್ವಾಶಿಮ ಕೇಳಿದರೆ ಎಲೆ ಎಷ್ಟು ಅಗಲ ಅಂತಲೂ ಹೇಳಿಯಾವು.

1751ರಲ್ಲಿ ಮೊದಲ ಸಂಪುಟ ಬಂತು. 1752ರ ಫೆಬ್ರವರಿಯಲ್ಲಿ ರಾಜನ ಮಂತ್ರಿಮಂಡಲ ಮೊದಲ ಎರಡೂ ಸಂಪುಟಗಳನ್ನು ನಿಷೇಧಿಸಿತು. ಪುಸ್ತಕಗಳ ಮೇಲಧಿಕಾರಿ ಮಾಲ್‌ಜೆರ್ಬ್ ಒಳ್ಳೆಯವನು. ಕಾಗದಪತ್ರ ಜಪ್ತಿ ಮಾಡಬೇಕಾದವನೇ ಮೊದಲು ಸುಳಿವು ಕೊಟ್ಟು, ಅವನ್ನು ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡ ಅಂತ ದಿದೆರೋನ ಮಗಳು ಬರೆದಿದ್ದಾಳೆ. ಹೇಗೋ ಏಳು ಸಂಪುಟ ಆಯಿತು. ಆಮೇಲೆ ದಾಲಂಬೆರ್ ಸಾಕು ಸಹವಾಸ ಅಂತ ಕೈಬಿಟ್ಟ. 1759ರ ಮಾರ್ಚ್‌ನಲ್ಲಿ ಪರವಾನಗಿಯೇ ರದ್ದಾಯಿತು, ಪೋಪ್ ಕೂಡ ಖಂಡಿಸಿದ. ಚಂದಾದಾರರು ನಾಲ್ಕು ಸಾವಿರದಷ್ಟು, ದುಡ್ಡು ಮೊದಲೇ ಕೊಟ್ಟಿದ್ದಾರೆ. ತಲಾ 72 ಲೀವ್ರ್ ವಾಪಸ್ ಕೊಡಿ ಅಂತ ಪ್ರಕಾಶಕರಿಗೆ ಆಜ್ಞೆ ಬಂತು. ಅವರು ಚಿತ್ರಪಟಗಳ ಸಂಪುಟಕ್ಕೆ ಬೇರೆ ಪರವಾನಗಿ ತಗೊಂಡು, ಆ ಹಣವನ್ನು ಅದಕ್ಕೇ ಜಮಾ ಮಾಡಿಕೊಂಡರು. ಒಳಗೊಳಗೆ ಉಳಿದ ಹತ್ತು ಸಂಪುಟದ ಕೆಲಸವೂ ನಡೆದೇ ಇತ್ತು.

ಆ ಚಿತ್ರಪಟಗಳ ಮೇಲೆಯೇ ದೊಡ್ಡ ಹಗರಣ ಎದ್ದಿದ್ದು. ವಿಜ್ಞಾನ ಅಕಾಡೆಮಿಯ ರೇಮೂರ್ ದಶಕಗಳ ಕಾಲ ಕಸುಬುಗಳ ಚಿತ್ರಪಟ ಕೊರೆಸಿ ಇಟ್ಟಿದ್ದ, ಪ್ರಕಟ ಮಾಡಿರಲಿಲ್ಲ. ಆ ಪಟಗಳ ಅಚ್ಚುಪ್ರತಿ ಹೇಗೋ ವಿಶ್ವಕೋಶದವರ ಕೈ ಸೇರಿದೆ ಅಂತ ರೇಮೂರ್‌ಗೆ ಗೊತ್ತಾಗಿ ನೊಂದುಕೊಂಡ; 1757ರಲ್ಲಿ ತೀರಿಹೋದ. 1759ರ ಕೊನೆಗೆ, ಮೊದಲು ಇವರ ಹತ್ತಿರವೇ ಕೆಲಸ ಮಾಡಿದ್ದ ಪಿಯೆರ್ ಪಾತ್ ಎಂಬ ವಾಸ್ತುಶಿಲ್ಪಿ ಪತ್ರಿಕೆಯಲ್ಲಿ ಬಹಿರಂಗ ಆರೋಪ ಮಾಡಿದ: ಇವರ ಚಿತ್ರಗಳು ರೇಮೂರ್‌ನಿಂದ ಕದ್ದದ್ದು. ಅಕಾಡೆಮಿ ತನಿಖೆಗೆ ಜನ ಕಳಿಸಿತು. ತಮಗೆ ತೋರಿಸಿದ ಪಟಗಳಲ್ಲಿ ನಕಲು ಕಾಣಲಿಲ್ಲ ಅಂತ 1760ರಲ್ಲಿ ಅವರು ಪತ್ರ ಕೊಟ್ಟರು. ತೋರಿಸಿದ ಪಟಗಳಲ್ಲಿ, ಗಮನಿಸಿ. ಆರೋಪ ಬಂದ ಮೇಲೆ ಮತ್ತೆ ಬರೆಸಿದ್ದು, ತಿದ್ದಿದ್ದು ನಡೆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ನಂತರದ ವಿದ್ವಾಂಸರು ಪಾತ್‌ನ ಮಾತು ಪೂರಾ ಸುಳ್ಳಲ್ಲ ಅಂದಿದ್ದಾರೆ. ಸ್ವತಃ ಕಾರ್ಯಾಗಾರಕ್ಕೆ ಹೋಗಿ ನೋಡಿ ಬರೆದೆವು ಅಂತ ಜಾಹೀರಾತು ಮಾಡಿದವರಿಗೆ ಇದು ಕೆಟ್ಟ ಹೆಸರೇ. ದಿದೆರೋ ಪರ ವಹಿಸಿ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ಅದು ಸರಿಯಲ್ಲ.

ಇನ್ನೊಂದು ಸಣ್ಣ ಕಥೆ ಇಲ್ಲೇ ಹೇಳಿಬಿಡುತ್ತೇನೆ. ಐದನೇ ಸಂಪುಟದಲ್ಲಿ ಗುಂಡುಸೂಜಿ ಮಾಡುವುದರ ಲೇಖನವಿದೆ, ದೆಲೇರ್ ಎಂಬಾತ ಬರೆದದ್ದು. ತಂತಿಯಿಂದ ಸೂಜಿಯಾಗುವವರೆಗೆ 18 ಹಂತ. 1776ರಲ್ಲಿ ಆಡಂ ಸ್ಮಿತ್ ಶ್ರಮವಿಭಜನೆ ವಿವರಿಸಲು ಕೊಟ್ಟ ಪ್ರಸಿದ್ಧ ಉದಾಹರಣೆಯೂ ಗುಂಡುಸೂಜಿಯದೇ, ಅಲ್ಲೂ 18 ಹಂತ. ತಾನೊಂದು ಚಿಕ್ಕ ಕಾರ್ಖಾನೆ ನೋಡಿದ್ದೇನೆ ಅಂತ ಸ್ಮಿತ್ ಬರೆದಿದ್ದಾನೆ. ವಿಶ್ವಕೋಶದ ಹೆಸರು ಅಲ್ಲಿಲ್ಲ. ಎತ್ತಿಕೊಂಡವರಿಂದ ಮತ್ತೊಬ್ಬ ಎತ್ತಿಕೊಂಡರೆ ಯಾರು ಯಾರ ಮೇಲೆ ದೂರು ಕೊಡೋದು?

ಹೀಗಿರುವಾಗ 1763ರಲ್ಲಿ ದಿದೆರೋ ಕೃತಿಸ್ವಾಮ್ಯದ ಬಗ್ಗೆಯೇ ಒಂದು ದೀರ್ಘ ಪತ್ರ ಬರೆದ. ಬರೆಸಿದ್ದು ಪ್ಯಾರಿಸ್ಸಿನ ಪುಸ್ತಕ ವ್ಯಾಪಾರಿಗಳ ಸಂಘ. ಎರಡು ವರ್ಷ ಹಿಂದೆ ಸರ್ಕಾರ ಕವಿ ಲಾ ಫೊಂತೇನನ ಮೊಮ್ಮಕ್ಕಳಿಗೆ ಅಜ್ಜನ ಪುಸ್ತಕದ ಪರವಾನಗಿ ಕೊಟ್ಟು ವ್ಯಾಪಾರಿಗಳಿಗೆ ನಡುಕ ಹುಟ್ಟಿಸಿತ್ತು. ದಿದೆರೋ ವಾದ ಏನೆಂದರೆ, ಹೊಲ ಮನೆ ಮನುಷ್ಯನಿಗಿಂತ ಮೊದಲೇ ಇದ್ದ ಮಣ್ಣಿನದು, ಆದರೆ ಬರಹ ಅವನ ಮನಸ್ಸಿನಿಂದಲೇ ಹುಟ್ಟಿದ್ದು. ಅದು ಅವನ ಸ್ವತ್ತಲ್ಲದಿದ್ದರೆ ಇನ್ಯಾವುದು? ಅವನದೇ ಸ್ವತ್ತಾದರೆ ಮಾರುವ ಹಕ್ಕೂ ಅವನದು, ಕೊಂಡ ಪ್ರಕಾಶಕನಿಗೆ ಅದು ಎಂದೆಂದಿಗೂ ಸೇರಿದ್ದು. ಮೊದಲ ಅರ್ಧ ಲೇಖಕನ ಮನಸ್ಸಿನ ಮಾತು, ಎರಡನೇ ಅರ್ಧ ಕೂಲಿ ಕೊಟ್ಟವರ ಮಾತು ಅಂತ ನನಗನ್ನಿಸುತ್ತೆ. 1776ರಲ್ಲಿ ಗಣಿತಜ್ಞ ಕೊಂದೊರ್ಸೆ ಇದಕ್ಕೆ ತದ್ವಿರುದ್ಧ ಬರೆದ: ಒಂದು ಹೊಲವನ್ನು ಒಬ್ಬನೇ ಉಳಬಹುದು, ವಿಚಾರವನ್ನು ಎಲ್ಲರೂ ಒಟ್ಟಿಗೆ ಬಳಸಬಹುದು, ಅದಕ್ಕೆ ಬೇಲಿ ಹಾಕುವುದು ಸಹಜ ಹಕ್ಕಲ್ಲ, ಸಮಾಜ ಕೊಟ್ಟ ಸವಲತ್ತು. 1777ರಲ್ಲಿ ಬಂದ ರಾಜಾಜ್ಞೆ ಪ್ರಕಾಶಕರ ಹಕ್ಕಿಗೆ ಕಾಲಮಿತಿ ಹಾಕಿ, ಲೇಖಕ ತನ್ನ ಕೈಯಲ್ಲೇ ಇಟ್ಟುಕೊಂಡರೆ ಹಕ್ಕು ವಂಶಕ್ಕೂ ಸೇರುತ್ತೆ ಅಂತ ಮಾಡಿತು. ಎಐ ಕಂಪನಿಗಳು ಪುಸ್ತಕಗಳನ್ನು ತಿಂದು ತರಬೇತಿ ಪಡೆದ ಬಗ್ಗೆ ಇವತ್ತು ಕೋರ್ಟುಗಳಲ್ಲಿ ನಡೆಯುವ ವಾದ ಕೇಳಿದರೆ, ಒಂದು ಕಡೆ ದಿದೆರೋ ಇನ್ನೊಂದು ಕಡೆ ಕೊಂದೊರ್ಸೆ ಕೂತ ಹಾಗೇ ಇರುತ್ತೆ. ತಮಾಷೆ ಎಂದರೆ ವಿಶ್ವಕೋಶದ ಸಂಪಾದಕ ಕೂರಬೇಕಾದ ಕುರ್ಚಿ ನಿಜವಾಗಿ ಕೊಂದೊರ್ಸೆಯದು.

ವ್ಯಾಪಾರಿಗಳ ಪರ ಬರೆದ ಮರುವರ್ಷವೇ ತನ್ನ ವ್ಯಾಪಾರಿ ಏನು ಮಾಡಿದ್ದಾನೆ ಅಂತ ಗೊತ್ತಾಯಿತು. 1764ರಲ್ಲಿ ಒಂದು ದಿನ ಅಚ್ಚಾದ ಹಾಳೆಗಳಲ್ಲಿ ಅರಬ್ಬರ ತತ್ವಶಾಸ್ತ್ರದ ಬಗ್ಗೆ ತಾನೇ ಬರೆದ ಲೇಖನ ಹುಡುಕಿದ. ಲೇಖನ ಅಂಗಹೀನವಾಗಿತ್ತು. ಬೇರೆ ಲೇಖನ ತೆಗೆದ, ಅಲ್ಲೂ ಕತ್ತರಿ. ದಿದೆರೋ ಕೊನೆಯ ಕರಡು ತಿದ್ದಿ ಸಹಿ ಹಾಕಿದ ಮೇಲೆ, ಲ ಬ್ರೆತೋಂ ತನ್ನ ಮುದ್ರಣಾಲಯದ ಮೇಸ್ತ್ರಿಯನ್ನು ಕೂರಿಸಿಕೊಂಡು ಅಪಾಯ ಅನ್ನಿಸಿದ್ದನ್ನೆಲ್ಲ ತೆಗೆದು, ಹರಿದದ್ದನ್ನು ಹೇಗೋ ಸೇರಿಸಿ ಅಚ್ಚು ಹಾಕುತ್ತಿದ್ದ. ಮೂಲ ಹಸ್ತಪ್ರತಿಯನ್ನೂ ಉಳಿಸಿರಲಿಲ್ಲ. ಹೆಸರು ದಿದೆರೋನದು, ಗುರುತು ದಿದೆರೋನದು, ಪಠ್ಯ ಮಾತ್ರ ಅವನದಲ್ಲ! ಸಿಟ್ಟು, ಅವಮಾನಕ್ಕೆ ಅತ್ತುಬಿಟ್ಟ. ಲ ಬ್ರೆತೋಂಗೆ ಬರೆದ ಪತ್ರ ಬೆಂಕಿಯ ಹಾಗಿದೆ. ಬಿಟ್ಟುಹೋಗೋಣ ಅಂದರೆ ಚಂದಾದಾರರಿದ್ದಾರೆ, ಉಳಿದ ಪಾಲುದಾರರು ಮುಳುಗುತ್ತಾರೆ, ವಿಷಯ ಹೊರಬಿದ್ದರೆ ಗುಟ್ಟಾಗಿ ನಡೆಯುತ್ತಿರುವ ಮುದ್ರಣವೇ ಬಯಲಾಗುತ್ತೆ. ನುಂಗಿಕೊಂಡು ಕೆಲಸ ಮುಗಿಸಿದ. ಉಳಿದ ಹತ್ತು ಸಂಪುಟ 1765ರ ಹೊತ್ತಿಗೆ ಮುಗಿದವು, ಚಿತ್ರಪಟದ ಕೊನೆಯ ಸಂಪುಟ 1772ಕ್ಕೆ. 20ನೇ ಶತಮಾನದಲ್ಲಿ, ಕತ್ತರಿಸುವ ಮೊದಲಿನ ಕರಡು ಹಾಳೆಗಳನ್ನು ಕಟ್ಟಿಸಿಟ್ಟಿದ್ದ ಒಂದು ಸಂಪುಟ ಸಿಕ್ಕಿತು. 1947ರಲ್ಲಿ ಅಮೆರಿಕದ ಇಬ್ಬರು ಅದನ್ನು ಪರಿಶೀಲಿಸಿ ಪ್ರಕಟಿಸಿದರು. ಕತ್ತರಿ ಬಿದ್ದದ್ದು ದಿದೆರೋ ಹೆದರಿದ್ದಕ್ಕಿಂತ ಕಡಿಮೆ ಲೇಖನಗಳಿಗೆ. ಪಾಪ, ಅವನಿಗೆ ಅದು ಗೊತ್ತಾಗಲೇ ಇಲ್ಲ.

ಪ್ರಕಾಶಕರು ಚೆನ್ನಾಗಿ ಸಂಪಾದಿಸಿದರು. ಮೊದಲು 280 ಲೀವ್ರ್ ಅಂದಿದ್ದ ಚಂದಾ ಕೊನೆಗೆ 900 ದಾಟಿತು. ಸಂಪಾದಕನಿಗೆ ಮಗಳ ಮದುವೆಗೆ ವರದಕ್ಷಿಣೆ ಹೊಂದಿಸಲು ತನ್ನ ಪುಸ್ತಕ ಸಂಗ್ರಹವನ್ನೇ ಮಾರಬೇಕಾಯಿತು. 1765ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ 15 ಸಾವಿರ ಲೀವ್ರ್ ಕೊಟ್ಟು ಕೊಂಡಳು. ಕೊಂಡು, ನೀನು ಬದುಕಿರುವವರೆಗೆ ನಿನ್ನ ಹತ್ತಿರವೇ ಇರಲಿ ಅಂದು, ಅವನನ್ನೇ ಗ್ರಂಥಪಾಲಕನನ್ನಾಗಿ ನೇಮಿಸಿ ವರ್ಷಕ್ಕೆ ಸಾವಿರ ಲೀವ್ರ್ ಸಂಬಳ ಇಟ್ಟಳು. ಕೃತಜ್ಞತೆ ಹೇಳಲು 1773ರಲ್ಲಿ, ಅರವತ್ತನೇ ವಯಸ್ಸಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಬಂದ.

ಬರೆದದ್ದನ್ನು ಅಚ್ಚು ಹಾಕಿಸಬಾರದು ಅನ್ನೋ ಜೈಲಿನ ಪಾಠ ನೆನಪಿದೆಯಲ್ಲ. ಇವತ್ತು ನಾವು ಅವನ ಅತ್ಯುತ್ತಮ ಅನ್ನುವ ಕೃತಿಗಳಲ್ಲಿ ಹೆಚ್ಚಿನವು ಮೇಜಿನ ಸಂದೂಕದಲ್ಲೇ ಉಳಿದವು. 1784ರ ಜುಲೈ 31ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಮರುವರ್ಷ ಪುಸ್ತಕಗಳೂ ಹಸ್ತಪ್ರತಿಗಳ ನಕಲುಗಳೂ ರಷ್ಯಾಕ್ಕೆ ಹೋದವು. ಅಲ್ಲಿ ಪುಸ್ತಕಗಳನ್ನು ಬೇರೆ ಪುಸ್ತಕಗಳ ಜೊತೆ ಬೆರೆಸಿಬಿಟ್ಟರು. ಯಾವುದು ದಿದೆರೋ ಓದಿದ ಪ್ರತಿ ಅಂತ ಹೇಳೋದೇ ಕಷ್ಟವಾಯಿತು.

ಅವನ ಕೃತಿಗಳಲ್ಲಿ ಒಂದರ ಕಥೆ ಕೇಳಿ. ರಾಮೋನ ಸೋದರಳಿಯ ಅಂತ ಅದರ ಹೆಸರು, ಇಬ್ಬರ ಸಂಭಾಷಣೆಯ ರೂಪದಲ್ಲಿದೆ. ರಷ್ಯಾದಿಂದ ಅದರ ಒಂದು ನಕಲು ಜರ್ಮನಿಗೆ ಬಂದು ಶಿಲ್ಲರ್‌ನ ಕೈಗೆ, ಅಲ್ಲಿಂದ ಗಯಟೆಯ ಕೈಗೆ ಸಿಕ್ಕಿತು. ಗಯಟೆ ಮಾಡಿದ ಜರ್ಮನ್ ಅನುವಾದ 1805ರಲ್ಲಿ ಬಂತು. ಆ ಫ್ರೆಂಚ್ ಪ್ರತಿ ಆಮೇಲೆ ಕಾಣೆಯಾಯಿತು. ಅಂದರೆ ಒಬ್ಬ ಫ್ರೆಂಚ್ ಲೇಖಕನ ಮುಖ್ಯ ಕೃತಿ ಜಗತ್ತಿನಲ್ಲಿ ಮೊದಲು ಅಚ್ಚಾದದ್ದು ಜರ್ಮನ್ ಭಾಷೆಯಲ್ಲಿ. 1821ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಪುಸ್ತಕ ಬಂತು, ದಿದೆರೋನ ಮೂಲ ಅಂತ. ಮೂಲ ಎಲ್ಲಿಂದ ಬರಬೇಕು? ಇಬ್ಬರು ಗಯಟೆಯ ಜರ್ಮನ್ನಿನಿಂದ ಮತ್ತೆ ಫ್ರೆಂಚಿಗೆ ಅನುವಾದ ಮಾಡಿ ದಿದೆರೋ ಹೆಸರಲ್ಲಿ ಬಿಟ್ಟಿದ್ದರು. ಓದಿದವರು ನಂಬಿದರು. ಎರಡು ವರ್ಷದಲ್ಲಿ ಬ್ರಿಯೇರ್ ಎಂಬ ಪ್ರಕಾಶಕ, ದಿದೆರೋನ ಮಗಳ ಹತ್ತಿರ ಇದ್ದ ಪ್ರತಿಯಿಂದ ನಿಜವಾದ ಪಠ್ಯ ಅಚ್ಚು ಹಾಕಿದ. ಆಗ ಸುಳ್ಳು ಪುಸ್ತಕದವರು ಇವನದೇ ಖೋಟಾ ಅಂತ ಗಲಾಟೆ ಎಬ್ಬಿಸಿದರು. ಬ್ರಿಯೇರ್ ವಯಸ್ಸಾದ ಗಯಟೆಗೇ ಪತ್ರ ಬರೆದು, ಇದೇ ಸರಿ ಅಂತ ಸಾಕ್ಷಿ ಪತ್ರ ತರಿಸಬೇಕಾಯಿತು. ಆದರೆ ಅವನ ಪ್ರತಿಯೂ ನಕಲಿನ ನಕಲೇ, ಅಲ್ಲಲ್ಲಿ ತಿದ್ದಿದ್ದು ಬೇರೆ.

19ನೇ ಶತಮಾನದ ಕೊನೆಯಲ್ಲಿ ಜಾರ್ಜ್ ಮೊಂವಾಲ್ ಎಂಬ ಗ್ರಂಥಪಾಲಕ ಸೇನ್ ನದಿಯ ದಂಡೆಯಲ್ಲಿ ಹಳೇ ಪುಸ್ತಕ ಮಾರುವವರ ಪೆಟ್ಟಿಗೆಗಳನ್ನು ಕೆದಕುತ್ತಿದ್ದ. ಒಂದು ಕಟ್ಟಿನೊಳಗೆ ಪರಿಚಯದ ಕೈಬರಹ ಕಂಡಿತು. ದಿದೆರೋನೇ ಕೈಯಾರೆ ಬರೆದ ರಾಮೋನ ಸೋದರಳಿಯ, ಮೊದಲಿನಿಂದ ಕೊನೆಯವರೆಗೆ. ಈಗ ಆ ಹಾಳೆಗಳು ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿವೆ.